ಏಳನೇ ಮನೆ ಕಾಣೆ

ನಮ್ಮ ಕೇರಿಯಲ್ಲಿ ಹದಿನಾರು ಮನೆ. ಕೆಳಗಿನ ಬಾವಿಯಿಂದ ಮೇಲೆ ಚರ್ಚಿನ ಕೋಟೆಬಾಗಿಲವರೆಗೆ ಎಣಿಸುತ್ತ ಬಂದರೆ ನನ್ನದು ಎಂಟನೆಯದು. ಎರ್ಲೆನ್‌ಬಾಖ್ ಊರಿನಲ್ಲಿ ಇಂಥ ಕೇರಿಗಳು ಇನ್ನೂ ಮೂರಿವೆ, ಅವುಗಳ ಸುದ್ದಿ ನನಗೆ ಬೇಡ. ನಾವು ಸ್ಯಾಕ್ಸನ್ನರು ಜರ್ಮನ್ ನಾಡಿನಿಂದ ವಲಸೆ ಬಂದವರು; ಈ ಬೆಟ್ಟಸೀಮೆಯಲ್ಲಿ ದೊರೆ ದೂರ, ತುರ್ಕರು ಹತ್ತಿರ. ಹಾಗಾಗಿ ಹುಟ್ಟಿದ್ದಕ್ಕೆ ತೊಟ್ಟಿಲು, ಸತ್ತದ್ದಕ್ಕೆ ಗುಂಡಿ, ಸುಟ್ಟ ಮನೆಗೆ ಹೊಸ ಸೂರು, ಮದುವೆಗೆ ರೊಟ್ಟಿ, ಎಲ್ಲವನ್ನೂ ಕೇರಿಯೇ ನೋಡಿಕೊಳ್ಳಬೇಕು. ಕೇರಿ ಕೈಬಿಟ್ಟರೆ ದೇವರು ಹಿಡಿಯುತ್ತಾನೆ ಎಂದು ಪಾದ್ರಿಗಳು ಹೇಳುತ್ತಾರೆ. ಹಿಡಿದದ್ದನ್ನು ನಾನಂತೂ ನೋಡಿಲ್ಲ.

ಕೇರಿಗೆ ಸುದ್ದಿ ಮುಟ್ಟಿಸಲು ಮುದ್ರೆ ಇದೆ. ಅಂಗೈಯಗಲದ ಆಕ್ರೋಡು ಮರದ ತುಂಡು, ಅದರ ಮೇಲೆ ದ್ರಾಕ್ಷಿಗೊಂಚಲು ಕೆತ್ತಿದ್ದಾರೆ. ಒಂದನೇ ಮನೆಯ ಗುನೆಶ್ ಮುದುಕ ನಾವು ಆರಿಸಿದ ಕೇರಿಯಪ್ಪ. ಅವನ ಕೈಯಿಂದ ಹೊರಟ ಮುದ್ರೆ ಎರಡನೇ ಮನೆ, ಮೂರನೇ ಮನೆ ಎಂದು ಹದಿನಾರರವರೆಗೆ ಕೈಯಿಂದ ಕೈಗೆ ದಾಟಬೇಕು. ತಂದವರು ಸುದ್ದಿ ಹೇಳಿ ಮುದ್ರೆ ಕೊಡುತ್ತಾರೆ. ತೆಗೆದುಕೊಂಡವರು ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಮುಂದಿನ ಮನೆಗೆ ನಡೆಯಬೇಕು. ಮುದ್ರೆ ತಂದು ಹೇಳದ ಸುದ್ದಿ ನಮಗೆ ಸುದ್ದಿಯಲ್ಲ, ಕಿವಿಗೆ ಬಿದ್ದಿದ್ದರೂ ಬಿದ್ದಂತಲ್ಲ. ಅದಕ್ಕೇ ಮುದ್ರೆಯನ್ನು ನಡುವೆ ಎಲ್ಲೂ ಕೆಳಗಿಡುವಂತಿಲ್ಲ. ಇದು ಐದು ವರ್ಷದ ಮಗುವಿಗೂ ಗೊತ್ತು. ನಾನು ಕೆಳಗಿಟ್ಟೆ.

ಅದು ಚಳಿಗಾಲದ ಕೊನೆ. ನನ್ನ ಹಂದಿ ಮರಿ ಹಾಕುತ್ತಿತ್ತು. ನಾನು ಗೂಡಿನೊಳಗೆ ಮೊಣಕಾಲೂರಿ, ಮೊಣಕೈವರೆಗೆ ರಕ್ತ ಮಾಡಿಕೊಂಡು ಕೂತಿದ್ದೆ. ಆಗ ಏಳನೇ ಮನೆಯ ಓರ್ತಿಯಾ ಬಂದಳು. ಗಂಡ ಜಿಕೆಲಿ ಸತ್ತು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಮನೆಯ ಪರವಾಗಿ ಅವಳೇ ಕೇರಿಯ ಕೆಲಸಕ್ಕೆಲ್ಲ ಬರುತ್ತಿದ್ದಳು. ದೊಡ್ಡ ಗಂಟಲಿನ ಹೆಂಗಸು. ಅವಳು ಕೆಮ್ಮಿದರೆ ಹತ್ತನೇ ಮನೆಯ ಕೋಳಿಗಳು ಹಾರುತ್ತಿದ್ದವು.

"ಮೆರ್ಟೆನ್, ಎಲ್ಲಿ ಸತ್ಯೋ?"

"ಇಲ್ಲೇ ಕಣಕ್ಕ, ಹಂದಿ ಹತ್ರ."

"ಮೂರನೇ ಮನೆ ಸಿಮೋನ್ ಕ್ಲೋಸ್ ಮಗು ಹೋಗ್ಬಿಡ್ತು ಕಣೋ. ಕೆಮ್ತಿತ್ತಲ್ಲ, ಆ ಸಣ್ಣದು. ನಾಳೆ ಬೆಳಿಗ್ಗೆ ಮಣ್ಣು. ನಮ್ಮ ಕಡೆ ಏಳು ಮನೆಯೋರು ಹೆಣ ಕಾಯ್ತೀವಿ. ನಿನ್ನ ಮನೆಯಿಂದ ಆಚೆಯೋರು ಇವತ್ತೇ ಗುಂಡಿ ತೋಡ್ಬೇಕಂತೆ. ಹಿಡಿ."

ಕೈ ಒರೆಸಿಕೊಂಡು ಹಿಡಿದೆ.

"ಎಷ್ಟು ಹಾಕ್ತು?" ಎಂದು ಅವಳು ಗೂಡಿನೊಳಗೆ ಇಣುಕಿದಳು.

"ನಾಲ್ಕು. ಇನ್ನೂ ಇವೆ."

"ಒಂಬತ್ತು ದಾಟಿದ್ರೆ ನಂಗೊಂದು ಕೊಡು. ನಮ್ಮೋರು ಹೋದ್ಮೇಲೆ ಮನೇಲಿ ಗೊರಕೆ ಹೊಡೆಯೋ ಜೀವವೇ ಇಲ್ಲ."

ನಕ್ಕುಕೊಂಡು ಹೋದಳು, ಬಾಗಿಲ ಹತ್ತಿರ ಹೋಗುವಾಗ ಸತ್ತ ಮಗುವಿನ ನೆನಪಾಗಿ ನಗು ನುಂಗಿದಳು. ಐದನೆಯ ಮರಿ ಕಾಲು ಮುಂದಾಗಿ ಬರುತ್ತಿತ್ತು. ಮುದ್ರೆಯನ್ನು ಗೂಡಿನ ಗೋಡೆಯ ಮೇಲೆ ಇಟ್ಟು ಎರಡೂ ಕೈ ಒಳಗೆ ಹಾಕಿದೆ. ಆಮೇಲೆ ತಾಯಿ ಒಂದು ಮರಿಯ ಮೇಲೆ ಮಲಗಿತು, ಇನ್ನೊಂದಕ್ಕೆ ಉಸಿರು ಬರಲಿಲ್ಲ, ನಾನು ಅದರ ಮೂಗಿಗೆ ಬಾಯಿಟ್ಟು ಊದಿದೆ. ಸಂಜೆ ಸುಸ್ತಾಗಿ ಸ್ವಲ್ಪ ವೈನು ಕುಡಿದು ಬಿದ್ದುಕೊಂಡೆ. ಮುದ್ರೆ ನೆನಪಾದದ್ದು ಬೆಳಿಗ್ಗೆ ಚರ್ಚಿನ ಗಂಟೆ ಬಡಿದಾಗ. ಹುಲ್ಲಿನಲ್ಲಿ ಬಿದ್ದಿದ್ದ ಮುದ್ರೆಯನ್ನು ಒರೆಸಿಕೊಂಡು ಒಂಬತ್ತನೇ ಮನೆಗೆ ಓಡಿ, "ಈಗ ತಾನೆ ಬಂತು" ಎಂದೆ.

ಅಷ್ಟರಲ್ಲಿ ಹೆಣದ ಪೆಟ್ಟಿಗೆ ಹೊತ್ತವರು ಮೇಲೆ ಸ್ಮಶಾನ ತಲುಪಿದ್ದರು. ಗುಂಡಿ ಇರಲಿಲ್ಲ. ಹಿಮದ ಕೆಳಗಿನ ನೆಲ ಕಬ್ಬಿಣದಂತೆ ಗಟ್ಟಿಯಾಗಿತ್ತು. ಸಿಮೋನ್ ಕ್ಲೋಸ್ ಯಾರ ಮುಖವನ್ನೂ ನೋಡದೆ ಗುದ್ದಲಿ ಕಿತ್ತುಕೊಂಡು ತನ್ನ ಮಗುವಿನ ಗುಂಡಿಯನ್ನು ತಾನೇ ತೋಡಿದ. ಅವನ ಹೆಂಡತಿ ಆ ಮೊಳದುದ್ದದ ಪೆಟ್ಟಿಗೆಯನ್ನು ತೋಳುಗಳ ಮೇಲೆ ಹೊತ್ತು ಮಧ್ಯಾಹ್ನದವರೆಗೆ ನಿಂತಿದ್ದಳು. ಕೊಡಮ್ಮ ಎಂದು ಎಷ್ಟೋ ಜನ ಕೈಚಾಚಿದರು. ಅವಳು ಕೊಡಲಿಲ್ಲ, ಹಿಮದ ಮೇಲೆ ಇಡಲೂ ಇಲ್ಲ.

ಈಸ್ಟರಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಮರುದಿನ ನಮ್ಮಲ್ಲಿ ತೀರ್ಪಿನ ದಿನ. ಗುನೆಶ್ ಮನೆಯಲ್ಲಿ ಮನೆಗೊಬ್ಬರಂತೆ ಸೇರುತ್ತೇವೆ. ಕಟ್ಟಳೆಯ ಹಾಳೆಗಳಿರುವ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾರೆ. ಅದು ತೆರೆದಿರುವಷ್ಟು ಹೊತ್ತು ಯಾರೂ ಕೂರುವಂತಿಲ್ಲ, ಬೈಯುವಂತಿಲ್ಲ, ಸುಳ್ಳಾಡುವಂತಿಲ್ಲ. ಮೊದಲು ಸಣ್ಣಪುಟ್ಟವು ಬಂದವು: ಒಬ್ಬ ಕುಡಿದು ಬಾವಿಗೆ ಉಗುಳಿದ್ದ, ಇನ್ನೊಬ್ಬ ಅತ್ತೆಯನ್ನು ದಬ್ಬಿದ್ದ. ದಂಡವಾಗಿ ಚರ್ಚಿನ ಬತ್ತಿಗಳಿಗೆ ಇಷ್ಟಿಷ್ಟು ಮೇಣ ಎಂದು ತೀರ್ಪಾಯಿತು. ಆಮೇಲೆ ಗುನೆಶ್ ಮುದ್ರೆಯನ್ನು ಮೇಜಿನ ಮೇಲಿಟ್ಟ. ಅವನು ಗದರುವವನಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಇದು ಎಲ್ಲಿ ನಿಲ್ತು?"

"ನನ್ನ ಹತ್ರ ನಿಲ್ಲಲಿಲ್ಲ," ಎಂದಳು ಓರ್ತಿಯಾ. "ನಾನು ಅವತ್ತೇ ಮೆರ್ಟೆನ್ ಕೈಗೆ ಕೊಟ್ಟೆ. ಹಂದಿಗೂಡಿನ ಹತ್ರ."

ಎಲ್ಲರೂ ನನ್ನತ್ತ ತಿರುಗಿದರು. ಸಿಮೋನ್ ಕ್ಲೋಸನ ಅಂಗೈಯ ಬೊಕ್ಕೆಗಳು ಇನ್ನೂ ಒಣಗಿರಲಿಲ್ಲ. ಹನ್ನೆರಡನೇ ಮನೆಯವನೂ ನೋಡುತ್ತಿದ್ದ. ನನ್ನ ಒಬ್ಬಳೇ ಮಗಳು ಯುಸ್ಟೀನಾಳನ್ನು ಅವನ ಮಗನಿಗೆ ಕೊಡುವ ಮಾತು ಈಸ್ಟರ್ ಕಳೆದ ಮೇಲೆ ಪಕ್ಕಾ ಆಗಬೇಕಿತ್ತು. ಮಗುವಿನ ಹೆಣವನ್ನು ಗುಂಡಿಯಿಲ್ಲದೆ ನಿಲ್ಲಿಸಿದ ಮನೆಯಿಂದ ಯಾರು ಹೆಣ್ಣು ತರುತ್ತಾರೆ?

"ಮೆರ್ಟೆನ್, ಅವತ್ತು ಇವಳು ನಿನ್ನ ಮನೆಗೆ ಬಂದದ್ದು ಕಂಡ್ಯಾ?" ಎಂದ ಗುನೆಶ್.

"ಕಾಣೆ," ಎಂದೆ.

ಒಂದೇ ಮಾತು. ನಾಲಿಗೆಗೆ ಭಾರವೂ ಆಗಲಿಲ್ಲ. ಓರ್ತಿಯಾ ಬಾಯಿ ತೆರೆದು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ, ನಾನು ಈಗ ನಕ್ಕು, ತಮಾಷೆಗಂದೆ ಅಕ್ಕ ಎನ್ನುತ್ತೇನೆಂದು ಕಾಯುತ್ತಿದ್ದಳು.

"ಹೋಗ್ಲಿ ಬಿಡಮ್ಮ," ಎಂದ ಗುನೆಶ್. "ಮರೆವು ಯಾರಿಗಿಲ್ಲ? ಸಿಮೋನ್ ಕೈ ಹಿಡ್ಕೊಂಡು ತಪ್ಪಾಯ್ತು ಅನ್ನು, ನಾಲ್ಕು ಸೇರು ಮೇಣ ಕೊಡು. ಮುಗೀತು."

"ಮಾಡಿದ್ರೆ ಅಂತಿದ್ದೆ."

"ಒಂದ್ಸಲ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಮಾಡಿಲ್ಲ ಅಂದ್ಮೇಲೆ ಹೆಂಗೆ ಅನ್ಲಿ? ಪೆಟ್ಟಿಗೆ ತೆಗೆದಿದ್ದೀರಿ."

ಮೂರು ಸಲ ಕೇಳಿದರು. ಮೂರು ಸಲವೂ ಅಷ್ಟೇ ಹೇಳಿದಳು. ತಪ್ಪು ಮಾಡಿದವರನ್ನು ನಮ್ಮ ಕೇರಿ ಕ್ಷಮಿಸುತ್ತದೆ, ತಲೆ ತಗ್ಗಿಸದವರನ್ನು ಕ್ಷಮಿಸುವುದಿಲ್ಲ. ಹೊರಗಿಡುವುದು ಹೇಗೆಂದರೆ, ಮನೆಯ ಸರದಿಯಂತೆ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ಹೇಳಿದ ಮೇಲೆ ಆ ಮನೆಯ ಒಲೆಗೆ ಕೆಂಡವಿಲ್ಲ, ರೊಟ್ಟಿ ಉಬ್ಬಿಸುವ ಹುಳಿಹಿಟ್ಟಿಲ್ಲ, ನಮಸ್ಕಾರವಿಲ್ಲ, ಸತ್ತರೆ ಗುಂಡಿಯಿಲ್ಲ, ಮುದ್ರೆ ಅವರ ಬಾಗಿಲು ದಾಟಿ ಮುಂದೆ ಹೋಗುತ್ತದೆ. ಅವರ ಬಗ್ಗೆ ಯಾರು ಏನು ಕೇಳಿದರೂ ಅದೇ ಮಾತು. ಆ ಮಾತು 'ಕಾಣೆ'. ಹದಿನೈದು ಮನೆಗಳೂ ಹೇಳಿದವು. ಎಂಟನೇ ಮನೆಯವನಾಗಿ ಅದೇ ಮಾತನ್ನು ಅದೇ ದಿನ ಎರಡನೇ ಸಲ ನಾನೂ ಹೇಳಿದೆ.

ಮೊದಮೊದಲು ತುಂಬ ಕಷ್ಟವಾಯಿತು. ಪಕ್ಕದ ಮನೆಯ ದೊಡ್ಡ ಹೆಂಗಸನ್ನು ಕಾಣದಂತಿರುವುದು ಸುಲಭವೇ? ಬೇಲಿಯ ಆಚೆ ಬಟ್ಟೆ ಒಣಗಿಸುತ್ತ, "ಮೆರ್ಟೆನ್, ಪೆಟ್ಟಿಗೆ ಮುಚ್ಚಿದೆ ಕಣೋ, ಈಗಲಾದ್ರೂ ನಿಜ ಹೇಳು," ಎನ್ನುತ್ತಿದ್ದಳು. ನಾನು ಮರದ ಕಡೆಯೋ ಮೋಡದ ಕಡೆಯೋ ನೋಡುತ್ತಿದ್ದೆ. ಬಾವಿಯ ಹತ್ತಿರ ಎದುರು ಬಂದರೆ ಅವಳ ಹಿಂದಿನ ಗೋಡೆಯ ಕಲ್ಲುಗಳನ್ನು ಎಣಿಸುತ್ತಿದ್ದೆ. ಕುತ್ತಿಗೆ ನೋಯುತ್ತಿತ್ತು. ಆದರೆ ಮನುಷ್ಯ ಯಾವುದಕ್ಕೂ ಒಗ್ಗುತ್ತಾನೆ. ಚೆರಿ ಹಣ್ಣಾಗುವ ಹೊತ್ತಿಗೆ ಎಣಿಸುವುದು ಬೇಕಾಗಲಿಲ್ಲ, ಕಣ್ಣು ತಾನಾಗಿ ಜಾರುತ್ತಿತ್ತು. ಕಷ್ಟ ಕಳೆಯಿತು ಎಂದು ನನಗೆ ಖುಷಿಯೇ ಆಯಿತು. ಎಂಥ ಮೂರ್ಖ ನಾನು.

ಜೂನಿನ ಒಂದು ಮಧ್ಯಾಹ್ನ ನೀರಿಗೆಂದು ಹೋದೆ. ಬಾವಿಕಟ್ಟೆಯಲ್ಲಿ ಯಾರೂ ಇರಲಿಲ್ಲ. ನಾನು ಇನ್ನೂ ಇಪ್ಪತ್ತು ಹೆಜ್ಜೆ ದೂರವಿರುವಾಗ ಏತದ ಮರ ಕೆಳಗೆ ಬಾಗಿತು. ಬಕೆಟು ನೀರಿಗೆ ಬಿದ್ದ ಸದ್ದು ಕೇಳಿತು. ಏತ ನಿಧಾನವಾಗಿ, ಯಾರೋ ಉಸಿರು ಬಿಟ್ಟು ಬಿಟ್ಟು ಎಳೆದ ಹಾಗೆ ನಿಂತು ನಿಂತು ಮೇಲೆದ್ದಿತು. ತುಂಬಿದ ಬಕೆಟು ಕಟ್ಟೆಯ ಕಲ್ಲಿನ ಮೇಲೆ ಕೂತಿತು, ನಾಲ್ಕು ಹನಿ ಚೆಲ್ಲಿತು. ಆಮೇಲೆ ಬಕೆಟು ತಾನಾಗಿ ಎದ್ದು ಹೊರಟಿತು, ಒಣಗಿದ ಮಣ್ಣಿನಲ್ಲಿ ಅದರ ಹನಿಗಳು ಒಂದರ ಹಿಂದೊಂದರಂತೆ ಕೇರಿಯತ್ತ, ನನ್ನತ್ತ ಬಂದವು, ನನ್ನ ಪಕ್ಕದಲ್ಲೇ ಹಾದು ಏಳನೇ ಮನೆಯ ಬಾಗಿಲವರೆಗೆ ಹೋದವು. ಹಾದುಹೋಗುವಾಗ ನನ್ನ ತೋಳಿಗೆ ತಣ್ಣಗಿನ ಗಾಳಿ ತಾಗಿತು, ಅದರಲ್ಲಿ ಸಾಬೂನಿನ ವಾಸನೆಯಿತ್ತು.

ಅವತ್ತಿನಿಂದ ಗಮನಿಸತೊಡಗಿದೆ. ಶನಿವಾರ ನಾವು ರೊಟ್ಟಿ ಬೇಯಿಸುತ್ತೇವೆ. ಮೇಲಿನ ಪದರ ಕರಿಕಾಗುವಂತೆ ಸುಟ್ಟು, ಬಿಸಿಯಿರುವಾಗಲೇ ಕೋಲಿನಿಂದ ಬಡಿದು ಆ ಕರಿಯನ್ನು ಉದುರಿಸುತ್ತೇವೆ. ಕೇರಿಯಲ್ಲೆಲ್ಲ ದಬ್ ದಬ್ ಎಂದು ಸದ್ದು. ಏಳನೇ ಮನೆಯಿಂದಲೂ ಸದ್ದು ಬರುತ್ತಿತ್ತು. ಅಂಗಳದ ಬಾಗಿಲು ತೆರೆದಿತ್ತು, ಬೆಂಚು ಕಾಣುತ್ತಿತ್ತು, ರೊಟ್ಟಿಯಿಂದ ಕರಿ ಹಾರುವುದು ಕಾಣುತ್ತಿತ್ತು. ಬಡಿಯುವ ಕೈ ಕಾಣುತ್ತಿರಲಿಲ್ಲ.

ಯಾರನ್ನು ಕೇಳುವುದು? ಒಂಬತ್ತನೇ ಮನೆಯವನನ್ನು ಕೇಳಿದೆ.

"ನಿಂಗೆ ಓರ್ತಿಯಾ ಕಾಣಿಸ್ತಾಳಾ?"

"ಕಾಣೆ," ಎಂದ ಅವನು, ಕಟ್ಟಳೆಯ ಪ್ರಕಾರ, ಕುಡುಗೋಲು ಮಸೆಯುತ್ತ.

ಹೆಂಡತಿ ರೆಬೆಕ್ಕಾಳನ್ನು ಒಳಗೆ ಕರೆದು ಬಾಗಿಲು ಹಾಕಿದೆ.

"ನಿಜ ಹೇಳೇ. ಪಕ್ಕದ ಮನೆಯೋಳು ನಿನ್ನ ಕಣ್ಣಿಗೆ ಬೀಳ್ತಾಳಾ ಇಲ್ವಾ?"

"ಕಾಣೆ."

"ಕಟ್ಟಳೆ ಬಿಡೇ. ನಾವಿಬ್ಬರೇ ಇದ್ದೀವಿ."

"ಕಾಣೆ ಅಂದ್ನಲ್ರೀ. ಎಷ್ಟು ಸಲ ಹೇಳ್ಬೇಕು?" ಎಂದು ಅವಳು ಸಿಡುಕಿದಳು. ಅದು ಕಟ್ಟಳೆಯ ಕಾಣೆಯೋ, ನನ್ನಂತೆ ನಿಜವಾದ ಕಾಣೆಯೋ, ತಿಳಿಯುವ ದಾರಿಯೇ ಇರಲಿಲ್ಲ. ನಾವು ಹದಿನೈದು ಮನೆಯವರು ಒಬ್ಬರನ್ನೊಬ್ಬರು ಕೇಳುವ ಬಾಯಿಗೆ ನಾವೇ ಬೀಗ ಹಾಕಿಕೊಂಡಿದ್ದೆವು.

ಸೆಪ್ಟೆಂಬರಿನ ಕೊನೆಗೆ ಬೆಟ್ಟದಿಂದ ಸ್ಟಾಂಕಾ ಇಳಿದಳು. ಅವಳು ವಲಾಖ್ ಕುರಿಗಾಹಿ ಹೆಂಗಸು, ವರ್ಷಕ್ಕೊಮ್ಮೆ ಕುದುರೆಯ ಮೇಲೆ ಕುರಿಹಾಲಿನ ಚೀಸು ಹೇರಿಕೊಂಡು ಬರುತ್ತಾಳೆ, ನಮ್ಮ ಭಾಷೆಯನ್ನು ತನಗೆ ಬೇಕಾದಂತೆ ತಿರುಚಿ ಆಡುತ್ತಾಳೆ. ಹಾಡುಹಗಲು, ನನ್ನ ಮನೆಯ ಬಾಗಿಲಲ್ಲಿ ಕುದುರೆ ನಿಲ್ಲಿಸಿದಳು.

"ಎರಡು ಉಂಡೆ ನಿಮಗೆ ಯಜಮಾನ್ರೇ, ಒಂದು ಈಯಮ್ಮನಿಗೆ."

"ಯಾವಮ್ಮ?"

"ಇವ್ರೇ. ನಿಮ್ಮ ಪಕ್ಕದಾಗೇ ನಿಂತವ್ರಲ್ಲ."

ತಿರುಗಿ ನೋಡಿದೆ. ಬಾಗಿಲ ಕಂಬದ ಮೇಲೆ ಬಿಸಿಲು ಬಿದ್ದಿತ್ತು. ಒಂದು ಜೇನುನೊಣ ಹಾರುತ್ತ ಬಂದು, ಅಲ್ಲಿ ಏನೋ ಅಡ್ಡವಿದ್ದ ಹಾಗೆ ಸುತ್ತು ಬಳಸಿ ಹೋಯಿತು.

"ಏನೋ ಕೇಳ್ತಾವ್ರೆ ನಿಮ್ಮನ್ನ," ಎಂದಳು ಸ್ಟಾಂಕಾ.

"ಏನಂತೆ?"

"ಹಂದಿ ಕೊನೆಗೆ ಎಷ್ಟು ಹಾಕ್ತು ಅಂತ." ಅವಳು ನನ್ನ ಮುಖ ನೋಡಿದಳು, ಪಕ್ಕದ ಬಿಸಿಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಅಯ್ಯೋ, ಒಂದು ಮಾತು ಆಡಿದ್ರೆ ನಿಮ್ಮ ಹಲ್ಲು ಉದುರ್ತಾವಾ? ಎಷ್ಟು ಸೊರಗವ್ರೆ ನೋಡ್ರಿ."

"ಕಾಣೆ," ಎಂದೆ. ಬಾಯಿಗೆ ಬಂದದ್ದು ಅದೊಂದೇ. ಈ ಸಲ ಅದು ಸುಳ್ಳಾಗಿರಲಿಲ್ಲ. ಸ್ಟಾಂಕಾ ಥೂ ಎಂದು ನೆಲಕ್ಕೆ ಉಗಿದು ಕುದುರೆ ಹೊಡೆದಳು.

ಅವತ್ತೇ ಗುನೆಶ್ ಮನೆಗೆ ಓಡಬೇಕಿತ್ತು. ಓಡಲಿಲ್ಲ. ನವೆಂಬರಿಗೆ ಯುಸ್ಟೀನಾಳ ಮದುವೆ ಗೊತ್ತಾಗಿತ್ತು. ಮದುವೆ ಒಂದು ಮುಗಿಯಲಿ, ಆಮೇಲೆ ಎಲ್ಲ ಹೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನಂಥವರು ಒಳ್ಳೆಯ ಕೆಲಸಕ್ಕೆ ಯಾವಾಗಲೂ ಹೀಗೊಂದು ಮುಹೂರ್ತ ಇಟ್ಟುಕೊಳ್ಳುತ್ತೇವೆ.

ಮದುವೆಗೆ ಕೇರಿಯೆಲ್ಲ ಬಂತು. ಉದ್ದದ ಬೆಂಚುಗಳ ಮೇಲೆ ಮನೆಯ ಸರದಿಯಂತೆ ಕೂತರು, ತೊಡೆಗೆ ತೊಡೆ ಒತ್ತಿಕೊಂಡು, ಜಾಗ ಸಾಲದು ಎಂದು ಗೊಣಗುತ್ತ. ಆರನೇ ಮನೆಯವನಿಗೂ ನನ್ನ ಮನೆಯ ಪರವಾಗಿ ಕೂತ ನನ್ನ ಭಾವನಿಗೂ ನಡುವೆ ಒಬ್ಬರು ಕೂರುವಷ್ಟು ಖಾಲಿಯಿತ್ತು. ಯಾರೂ ಬಿಡಿ ಎಂದು ಹೇಳಿರಲಿಲ್ಲ, ಯಾರೂ ಸರಿದು ಕೂರಲೂ ಇಲ್ಲ. ಹಾಡು ಹೇಳುವಾಗ ಆ ಖಾಲಿಯ ಕಡೆಯಿಂದ ಒಂದು ದೊಡ್ಡ ಗಂಟಲು ಸೇರಿದ ಹಾಗೆ ನನಗನ್ನಿಸಿತು. ಗುನೆಶ್ ಕೂಡ ಆ ಕಡೆ ತಿರುಗಿದ, ತಕ್ಷಣ ತಟ್ಟೆ ನೋಡಿದ.

ಮುಂದಿನ ತೀರ್ಪಿನ ದಿನ ಪೆಟ್ಟಿಗೆ ತೆರೆದ ಕೂಡಲೆ, ಯಾರೂ ಕೇಳುವ ಮುಂಚೆ ಹೇಳಿಬಿಟ್ಟೆ. ಹಂದಿ, ಗೋಡೆ, ವೈನು, ಒಂಬತ್ತನೇ ಮನೆಗೆ ಹೇಳಿದ ಸುಳ್ಳು, ಪೆಟ್ಟಿಗೆಯ ಮುಂದೆ ಹೇಳಿದ ಸುಳ್ಳು. ಹೇಳುತ್ತ ಹೇಳುತ್ತ ಸಣ್ಣ ಹುಡುಗನಂತೆ ಅತ್ತೆ. ಸಿಮೋನ್ ಕ್ಲೋಸ್ ಹೊಡೆಯಲು ಬಂದವನು ನಡುವೆ ನಿಂತು ಮುಖ ಮುಚ್ಚಿಕೊಂಡ.

"ಮೊದಲು ಅವಳನ್ನ ವಾಪಸ್ಸು ತಗೋಬೇಕು," ಎಂದ ಗುನೆಶ್. "ಆಮೇಲೆ ನಿಂದು ನೋಡೋಣ."

ತೆರೆದ ಪೆಟ್ಟಿಗೆಯನ್ನು ಇಬ್ಬರು ಹೊತ್ತರು, ನಾವೆಲ್ಲ ಹಿಂದೆ ನಡೆದೆವು. ಏಳನೇ ಮನೆಯ ಬಾಗಿಲು ತೆರೆದೇ ಇತ್ತು. ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಮೇಜಿನ ಮೇಲೆ ಅರ್ಧ ಕೊಯ್ದ ರೊಟ್ಟಿ, ಬಟ್ಟಲಲ್ಲಿ ಆವಿಯಾಡುತ್ತಿದ್ದ ಸಜ್ಜೆ ಗಂಜಿ. ಮನೆಯಲ್ಲಿ ಯಾರೂ ಇರಲಿಲ್ಲ.

"ಓರ್ತಿಯಾ," ಎಂದು ಗುನೆಶ್ ಕರೆದ. "ಬಾಮ್ಮ. ನಮ್ಮದೇ ತಪ್ಪಾಯ್ತು."

ಗಂಜಿಯ ಆವಿ ಸ್ವಲ್ಪ ಅಲ್ಲಾಡಿತು. ಟೋಪಿ ಕೈಯಲ್ಲಿ ಹಿಡಿದು ಗೋಡೆಗುಂಟ ನಿಂತೆವು. ಆರನೇ ಮನೆಯವನು ಒಲೆಯ ಪಕ್ಕದ ಸ್ಟೂಲಿಗೆ ಆತುಕೊಂಡಿದ್ದ. ವಾಪಸ್ಸು ತೆಗೆದುಕೊಳ್ಳುವ ಮಾತು 'ಕಂಡೆ'. ಮೊದಲು ಗುನೆಶ್ ಖಾಲಿ ಕೋಣೆಗೆ "ಕಂಡೆ" ಎಂದ. ಎರಡನೇ ಮನೆ "ಕಂಡೆ" ಎಂದಿತು. ಸಿಮೋನ್ ಬಿಕ್ಕುತ್ತ "ಕಂಡೆ" ಎಂದ. ಒಬ್ಬೊಬ್ಬರ ಕಣ್ಣೂ ಕೋಣೆಯ ಮೂಲೆ ಮೂಲೆ ಹುಡುಕುತ್ತಿತ್ತು, ಆ ಕಣ್ಣುಗಳಲ್ಲಿದ್ದ ಹೆದರಿಕೆ ನೋಡಿ ನನಗೆ ಗೊತ್ತಾಯಿತು. ಅವರಿಗೂ ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ಯಾರಿಗೂ ಕಂಡಿರಲಿಲ್ಲ, ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ.

ತಪ್ಪು ಮಾಡಿದವನು ಕೊನೆಗೆ ಹೇಳಬೇಕು. ನನ್ನ ಸರದಿ ಬಂತು.

"ಕಂಡೆ," ಎಂದೆ. "ಅವತ್ತೇ ಕಂಡೆ ಅಕ್ಕ. ನೀನು ಕೊಟ್ಟೆ, ನಾನು ಕೈಯಾರೆ ಇಸ್ಕೊಂಡೆ. ಒಂಬತ್ತಲ್ಲ, ಏಳೇ ಹಾಕ್ತು. ಒಂದು ಸತ್ತೋಯ್ತು."

ಆರನೇ ಮನೆಯವನು ಕಿರುಚಿ ಹಾರಿದ. ಅವನು ಆತುಕೊಂಡಿದ್ದ ಸ್ಟೂಲಿನ ಮೇಲೆ ಓರ್ತಿಯಾ ಕೂತಿದ್ದಳು. ಬಂದು ಕೂತ ಹಾಗಿರಲಿಲ್ಲ; ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದವಳ ಹಾಗಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ತುಟಿ ಅಲ್ಲಾಡುತ್ತಿತ್ತು. ಏನೋ ಮಾತು ಮಧ್ಯದಲ್ಲಿತ್ತು, ನಾವು ನೋಡುತ್ತಿದ್ದೇವೆಂದು ತಿಳಿದ ಮೇಲೆ ನಿಲ್ಲಿಸಿದಳು. ಆ ದೊಡ್ಡ ಗಂಟಲು ಸವೆದು ಪಿಸುಮಾತಾಗಿತ್ತು.

ಪೆಟ್ಟಿಗೆ ಇನ್ನೂ ತೆರೆದಿತ್ತು. ಅದರ ಮುಂದೆ ಸುಳ್ಳು ಸಾಕ್ಷಿ ಹೇಳಿದವನಿಗೆ, ಅವನ ಸುಳ್ಳಿನಿಂದ ಬೇರೆಯವರು ಉಂಡ ಶಿಕ್ಷೆಯೇ ಶಿಕ್ಷೆ. ಗುನೆಶ್ ನನ್ನ ಮನೆಯನ್ನು ಉಳಿಸಿದ. "ಮನೆ ತಪ್ಪು ಮಾಡಿಲ್ಲ. ಎಂಟನೇ ಮನೆ ಇನ್ಮೇಲೆ ರೆಬೆಕ್ಕಾಳ ಹೆಸರಲ್ಲಿರುತ್ತೆ. ಇವನೊಬ್ಬನೇ ಹೊರಗೆ." ರೆಬೆಕ್ಕಾಳನ್ನು ಕರೆಸಿದರು. ಅವಳು ಬಂದು ನನ್ನ ಪಾದಗಳನ್ನು ನೋಡುತ್ತ ನಿಂತಳು.

ಸರದಿಯಂತೆ ಹೇಳಿದರು. ಕಾಣೆ, ಕಾಣೆ, ಕಾಣೆ. ಯುಸ್ಟೀನಾಳ ಮಾವನೂ ಹೇಳಿದ. ರೆಬೆಕ್ಕಾ ಮಾತು ಹೊರಡದೆ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮಗಳು ಬಸುರಿ, ತೊಟ್ಟಿಲು ಕೇರಿಯಿಂದ ಬರಬೇಕು. ಮೂರನೇ ಸಲಕ್ಕೆ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಮೊದಲನೇ ಸಲಕ್ಕೇ ಹೇಳಿರುತ್ತಿದ್ದೆ.

ಅನ್ಯಾಯವಾದವರ ಸರದಿ ಕೊನೆಗೆ. ಎಲ್ಲರೂ ಓರ್ತಿಯಾಳತ್ತ ತಿರುಗಿದರು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕಾಣ್ತಾನಲ್ಲ," ಎಂದಳು.

"ಕಟ್ಟಳೆಯ ಮಾತು ಹೇಳಮ್ಮ," ಎಂದ ಗುನೆಶ್.

"ಮಾಡದ್ದನ್ನ ಮಾಡ್ದೆ ಅನ್ನು ಅಂದ್ರಿ ಹೋದ ವರ್ಷ. ಇರೋನ್ನ ಇಲ್ಲ ಅನ್ನು ಅಂತೀರಿ ಈ ವರ್ಷ. ನಂಗೆ ಎರಡೂ ಬರಲ್ಲ. ಬೇಕಾದ್ರೆ ಮತ್ತೆ ಹೊರಗೆ ಹಾಕಿ."

ಗುನೆಶ್ ಪೆಟ್ಟಿಗೆಯ ಮುಚ್ಚಳ ಹಾಕಿದ. "ಹದಿನೈದು ಸಾಕು," ಎಂದ. ಎಲ್ಲರೂ ನಾನು ಅಲ್ಲಿಲ್ಲವೆಂಬಂತೆ ನನ್ನನ್ನು ಹಾದು ಹೊರಗೆ ಹೋದರು.

ಮೊದಲ ತಿಂಗಳು ಅವರ ಕಣ್ಣು ನನ್ನಿಂದ ತಪ್ಪಿಸಿಕೊಳ್ಳುತ್ತಿತ್ತು. ಅದೂ ಒಂದು ರೀತಿಯ ನೋಟವೇ ಎಂದು ಆಗ ತಿಳಿಯಲಿಲ್ಲ. ಆಮೇಲೆ ತಪ್ಪಿಸಿಕೊಳ್ಳುವುದು ನಿಂತಿತು. ರೆಬೆಕ್ಕಾ ಮೇಜಿನ ಮೇಲೆ ಒಂದೇ ಬಟ್ಟಲು ಇಡುತ್ತಿದ್ದಳು, ನನ್ನ ಪಾಲಿಗೆ ಪಾತ್ರೆಯಲ್ಲಿ ಒಂದಿಷ್ಟು ಬಿಡುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ಅವಳ ಎದುರೇ ನಿಂತ ನಾನು ಸೌಟು ಎತ್ತಿಕೊಂಡೆ. ಅವಳು ಸೌಟನ್ನೇ ನೋಡಿದಳು. ಮುಖ ಬಿಳಿಚಿಕೊಂಡಿತು. ಹಿಂದೆ ಹಿಂದೆ ಸರಿದು ಬೆನ್ನು ಗೋಡೆಗೆ ತಾಗಿದಾಗ, "ಮೆರ್ಟೆನ್?" ಎಂದಳು, ಖಾಲಿ ಗಾಳಿಗೆ. "ಇಲ್ಲೇ ಇದ್ದೀನಿ ಕಣೇ," ಎಂದು ಕೂಗಿದೆ. ಅವಳು ಇನ್ನೂ ಕೇಳಿಸಿಕೊಳ್ಳುವವಳ ಹಾಗೆ ತಲೆ ಓರೆ ಮಾಡಿಕೊಂಡೇ ನಿಂತಿದ್ದಳು. ಸೌಟನ್ನು ಮೆಲ್ಲಗೆ ಇಟ್ಟು ಹೊರಗೆ ಬಂದೆ. ಅಂದಿನಿಂದ ಹಂದಿಗೂಡಿನ ಅಟ್ಟದ ಮೇಲೆ ಇರುತ್ತೇನೆ. ಹಂದಿಗೆ ನಾನು ಕಾಣುತ್ತೇನೆ.

ಯುಸ್ಟೀನಾಗೆ ಗಂಡು ಮಗು ಹುಟ್ಟಿತು. ಹೋಗಿ ತೊಟ್ಟಿಲ ಪಕ್ಕ ನಿಂತಿದ್ದೆ. ಮಗು ನನ್ನ ಬೆರಳು ಹಿಡಿಯಿತು. ಮಗಳು ಓಡಿ ಬಂದು, ಅಂತರದಲ್ಲಿ ಏನನ್ನೋ ಹಿಡಿದಿದ್ದ ಆ ಮುಷ್ಟಿಯನ್ನು ನೋಡಿ ಚೀರಿದಳು. ಆಮೇಲೆ ಹೋಗಲಿಲ್ಲ. ಬರುವ ತೀರ್ಪಿನ ದಿನ ಪೆಟ್ಟಿಗೆಯ ಮುಂದೆ ನಿಂತು ನಾನು ಕ್ಷಮೆ ಕೇಳಬಹುದು, ಕಟ್ಟಳೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಕೇಳಿದ್ದು ಕೇಳಿಸಬೇಕಲ್ಲ. ಮೆರ್ಟೆನ್ ಇಲ್ಲಿ ನಿಂತಿದ್ದಾನೆ, ಕ್ಷಮೆ ಕೇಳುತ್ತಿದ್ದಾನೆ ಎಂದು ಯಾರಾದರೂ ಹೇಳಬೇಕು. ಹಾಗೆ ಹೇಳಬಲ್ಲವಳು ಕೇರಿಯಲ್ಲಿ ಒಬ್ಬಳೇ.

ಅವಳು ಬೆಳಿಗ್ಗೆ ಎಂಟಕ್ಕೆ ನೀರಿಗೆ ಬರುತ್ತಾಳೆ. ಅಷ್ಟು ಹೊತ್ತಿಗೆ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಅವಳು ದಿನಾ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾಳೆ, ಮಾತಾಡುವುದಿಲ್ಲ, ನೀರು ತುಂಬಿಸಿಕೊಂಡು ಹೋಗುತ್ತಾಳೆ. ಆ ನೋಟ ಹೊರಲಾರದಷ್ಟು ಭಾರ. ಆದರೆ ಅದಿಲ್ಲದಿದ್ದರೆ ಅವತ್ತಿನ ದಿನ ನಾನು ಇದ್ದೇನೆಂದು ನನಗೇ ಖಾತ್ರಿಯಾಗುವುದಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿದೆ.

"ಅಕ್ಕಾ, ನನ್ನ ಕ್ಷಮಿಸಿದ್ಯಾ?"

"ಇಲ್ಲ," ಎಂದಳು.

"ಮತ್ತೆ ದಿನಾ ಯಾಕೆ ನೋಡ್ತೀಯ?"

ಏತದಿಂದ ಬಕೆಟು ಇಳಿಸಿ ಕಟ್ಟೆಯ ಮೇಲಿಟ್ಟು, ಲಂಗದ ಅಂಚಿನಿಂದ ಕೈ ಒರೆಸಿಕೊಂಡಳು. ಇಷ್ಟು ದಡ್ಡ ಪ್ರಶ್ನೆಯನ್ನು ಯಾರೂ ಕೇಳಿಲ್ಲವೇನೋ ಎಂಬಂತೆ ನೋಡಿದಳು.

"ಇದ್ದೀಯಲ್ಲ, ಅದಕ್ಕೆ."

ನೀರು ಎತ್ತಿಕೊಂಡು ಹೊರಟುಹೋದಳು. ನಾನು ಬಾವಿಕಟ್ಟೆಯ ಮೇಲೆ ಕೂತು, ಕೇರಿಯ ಜನ ಬರುತ್ತ ಹೋಗುತ್ತಿರುವಾಗ, ಬಾಯಿಬಿಟ್ಟು ಅತ್ತೆ.